ಅಕ್ಕನ ಮೂವತ್ತೈದು

ಅಂಕ ಕೊಟ್ಟರೆ ಪಾಸೋ ಫೇಲೋ ಹೇಳುವ ಪ್ರೋಗ್ರಾಮನ್ನು ಮಗಳು ಬರೆಯುತ್ತಿದ್ದಳು. ಯಾವ ಅಂಕಕ್ಕೆ ಯಾವ ಉತ್ತರ ಎಂದು ಹಂಚುವ ಅವಳ ಸ್ವಿಚ್ ಸ್ಟೇಟ್‌ಮೆಂಟಿನಲ್ಲಿ ಸೊನ್ನೆಯಿಂದ ಮೂವತ್ತೈದರವರೆಗೆ ಫೇಲಿನ ಕೇಸ್, ಮೂವತ್ತೈದರಿಂದ ನೂರರವರೆಗೆ ಪಾಸಿನದು. ಕಂಪ್ಯೂಟರ್ ಒಪ್ಪಲಿಲ್ಲ.

"ಮೂವತ್ತೈದು ಎರಡೂ ಕಡೆ ಬಂದ್ಬಿಟ್ಟಿದೆ ಅಪ್ಪ, ಅದಕ್ಕೇ ಎರರ್," ಎಂದಳು.

ಹೊಸಕೋಟೆ ಪಕ್ಕದ ನಮ್ಮ ಹಳ್ಳಿಮನೆಯಲ್ಲಿ ಆ ಎರರ್ ಬಂದಿರಲಿಲ್ಲ. ನಮ್ಮಪ್ಪ ಬೀಡಿ ಸೇದುತ್ತಲೇ ಕಾನೂನು ಮಾಡುತ್ತಿದ್ದ. ಅಕ್ಕ ಏಳನೇ ಕ್ಲಾಸಿನಲ್ಲಿದ್ದಾಗ, "ಲೆಕ್ಕದಲ್ಲಿ ಮೂವತ್ತೈದರವರೆಗೆ ಬಂದ್ರೆ ಸ್ಕೂಲ್ ಬಿಡು, ಮೇಲೆ ಬಂದ್ರೆ ಓದು," ಎಂದಿದ್ದ. ಅವಳಿಗೆ ಸರಿಯಾಗಿ ಮೂವತ್ತೈದೇ ಬಂತು. ಪಾಸಾದೆ ಎಂದು ಕುಣಿಯುತ್ತಾ ಮಾರ್ಕ್ಸ್ ಕಾರ್ಡ್ ತಂದಳು.

"ವರೆಗೆ ಅಂದ್ರೆ ಮೂವತ್ತೈದೂ ಸೇರ್ತದೆ ಕಣಮ್ಮ," ಎಂದು ಅಪ್ಪ ಬೀಡಿಯ ಬೂದಿ ಕೊಡವಿದ. ಮೇಷ್ಟ್ರ ಲೆಕ್ಕದಲ್ಲಿ ಪಾಸು, ಅಪ್ಪನ ಲೆಕ್ಕದಲ್ಲಿ ಖಲಾಸು.

ಮಾರನೆಯ ದಿನದಿಂದ ಅಕ್ಕ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯಲು ಹೋದಳು. ಅವಳ ಜಾಮಿಟ್ರಿ ಬಾಕ್ಸ್ ಹಿಡಿದು ನಾನು ಸ್ಕೂಲಿಗೆ ಹೋದೆ. ಆರನೇ ಕ್ಲಾಸಿನ ಲೆಕ್ಕದಲ್ಲಿ ನನಗೆ ಬಂದದ್ದು ಇಪ್ಪತ್ತೆಂಟು. ಗಂಡುಹುಡುಗನಿಗೆ ಅಪ್ಪ ಯಾವ ಗೆರೆಯನ್ನೂ ಎಳೆದಿರಲಿಲ್ಲ.

ಮಗಳು ಮೊದಲ ಸಾಲನ್ನು ಮೂವತ್ತನಾಲ್ಕಕ್ಕೆ ಇಳಿಸಿದಳು. "ಸರಿಹೋಯ್ತು ನೋಡಪ್ಪ, ಈಗ ಮೂವತ್ತೈದು ಪಾಸ್."

ಅರ್ಧ ನಿಮಿಷವೂ ಹಿಡಿಯಲಿಲ್ಲ.