ಬಂಡೆಯ ಬೆನ್ನಿಗೆ ಹುಡುಕಿದ ಸುಗ್ರಾಬಿ

ಹರಿಹರದಲ್ಲಿ ಸುಗ್ರಾಬಿಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಇಲ್ಲಿ ಬರೆದಿರುವುದು ಅವಳು ನನಗೆ ಹೇಳಿದ್ದು. ಹೇಳದೆ ಬಿಟ್ಟದ್ದನ್ನು ನಾನು ಸೇರಿಸಿಲ್ಲ.

ಅವಳ ಗಂಡ ರೌಫ್ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದ. ಹೊಳೆಸಾಲಿನ ಪಂಪ್‌ಸೆಟ್ಟುಗಳೆಲ್ಲ ಕರೆಂಟಿಗೆ ಬದಲಾದ ಮೇಲೆ ಇಲ್ಲಿ ಅವನಿಗೆ ಕೆಲಸ ಕಡಿಮೆಯಾಯಿತು. ಹೊನ್ನಾವರದ ಕಡೆ ಮೀನಿನ ಬೋಟುಗಳಿಗೆ ಇನ್ನೂ ಅಂಥ ಎಂಜಿನ್ನುಗಳೇ ಇವೆ ಎಂದು ತಿಳಿದು ಹೊರಟ. "ಸಮುದ್ರ ಅಂದ್ರೆ ಹುಷಾರಪ್ಪ" ಅಂದೆ. "ಏನೈತ್ರಿ ಅಮ್ಮಾರೇ, ನಮ್ಮ ಹೊಳೇಗೇ ಒಂದಿಷ್ಟು ಉಪ್ಪು ಹಾಕ್ಯಾರೆ, ಅಷ್ಟೇ" ಎಂದು ನಕ್ಕು ಚೀಲ ಎತ್ತಿಕೊಂಡ.

ಹೋದ ಬೇಸಿಗೆಯ ಶುರುವಿನಲ್ಲಿ ಒಂದು ಬೋಟು ನಡುನೀರಿನಲ್ಲಿ ಕೆಟ್ಟು ನಿಂತಿತ್ತು. ಅದನ್ನು ರಿಪೇರಿ ಮಾಡಿಸಲು ಅವನನ್ನು ಸಣ್ಣ ದೋಣಿಯಲ್ಲಿ ಕರೆದೊಯ್ದರು. ಗಾಳಿಗೆ ದೋಣಿ ಮಗುಚಿತು. ದೋಣಿಯವನು ಈಜಿ ಬದುಕಿದ. ರೌಫ್ ಸಿಗಲಿಲ್ಲ. ಪೊಲೀಸರು ಹುಡುಕಿದರು, ಮೀನುಗಾರರು ಹುಡುಕಿದರು, ಆಮೇಲೆ ಕೈಬಿಟ್ಟರು. ರೌಫನ ತಮ್ಮ ಇಜಾಜ್ ಹೋಗಿ ಮರಳಲ್ಲಿ ಕೂತು ಕೂತು ವಾಪಸು ಬಂದ.

ಅವರಲ್ಲಿ ಮಯ್ಯತ್, ಅಂದರೆ ಹೆಣ, ಮುಂದೆ ಇಟ್ಟುಕೊಳ್ಳದೆ ಸತ್ತವರ ನಮಾಜು ಮಾಡುವಂತಿಲ್ಲ ಎಂದು ಮಸೀದಿಯ ಹಜರತ್ ಹೇಳಿದರು. ಗಂಡ ಸತ್ತವಳು ಮನೆಯೊಳಗೆ ಕೂರುವ ಇದ್ದತ್ತೂ ಶುರುವಾಗುವುದಿಲ್ಲ. ಕಾಯಬೇಕು, ವರ್ಷಗಟ್ಟಲೆ. ಮಾತಾಡಿಸಲು ಬಂದ ಹೆಂಗಸರಲ್ಲಿ ಒಬ್ಬಳು "ಬಳೆ ಇನ್ನೂ ಯಾಕ ತೆಗೆದಿಲ್ಲ?" ಎಂದರೆ, ಇನ್ನೊಬ್ಬಳು "ಬಾಯಿ ಮುಚ್ಚೇ, ಬದುಕಿದ್ರೆ?" ಎಂದು ಗದರಿದಳು. ಸುಗ್ರಾಬಿ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು.

ನನ್ನ ಯಜಮಾನರು ಹೋದಾಗ ವಿಭೂತಿ ಹಚ್ಚಿ ಕೂರಿಸಿದ್ದೆವು. ಮುಖ ನೋಡಿದೆ, ಅತ್ತೆ, ಒಂದು ಹಿಡಿ ಮಣ್ಣು ಹಾಕಿದೆ. ಅವಳಿಗೆ ಅಷ್ಟೂ ಇಲ್ಲ.

"ಹೆಣನಾದ್ರೂ ತರ್ತೀನಿ" ಅಂದಳು ಒಂದು ಬೆಳಿಗ್ಗೆ.

"ಒಬ್ಬಳೇ ಹೆಂಗೆ ಹೋಗ್ತೀ ಸುಗ್ರಾ? ಇಜಾಜನ್ನ ಕರ್ಕೊಂಡು ಹೋಗು."

"ಜತೆಗೆ ಬಂದೋರು ಎರಡು ದಿನಕ್ಕೆ ಸಾಕು ಬಾ ಅಂತಾರೆ. ನನಗೆ ಸಾಕಾಗಲ್ರಿ."

ಒಬ್ಬಳೇ ಹೊನ್ನಾವರಕ್ಕೆ ಹೋದಳು. ಆ ಕಡಲಲ್ಲಿ ದಂಡೆಯಿಂದ ಒಂದಷ್ಟು ದೂರಕ್ಕೆ ಸಣ್ಣ ಸಣ್ಣ ದ್ವೀಪಗಳಿವೆ. ಕೊಚ್ಚಿಹೋದದ್ದು ಎಲ್ಲಾದರೂ ತಡೆದು ನಿಂತರೆ ಅಲ್ಲೇ ಎಂದು ಬಂದರಿನಲ್ಲಿ ಯಾರೋ ಅವಳಿಗೆ ಹೇಳಿದರು. ದ್ವೀಪ ಅಂದರೆ ಮನೆಯಿಲ್ಲ, ನೆರಳಿಲ್ಲ. ಕರಿಬಂಡೆ, ಮೇಲೆ ಒಣಹುಲ್ಲು, ಹಕ್ಕಿ ಹಿಕ್ಕೆ. ಸೆರಗನ್ನು ಸೊಂಟಕ್ಕೆ ಬಿಗಿದು ಗಂಟು ಹಾಕದಿದ್ದರೆ ಆ ಗಾಳಿಯಲ್ಲಿ ನಿಲ್ಲಲಾಗುತ್ತಿರಲಿಲ್ಲವಂತೆ. ಗಂಡನ ಹೆಸರು ಹಿಡಿದು ಕೂಗಿದರೆ ತನ್ನ ಕೂಗು ತನಗೇ ಕೇಳಿಸುತ್ತಿರಲಿಲ್ಲವಂತೆ. ಜಟ್ಟಪ್ಪ ಮೊಗೇರ ಎಂಬ ಮುದುಕ ಬೆಳಿಗ್ಗೆ ಬಲೆ ಹಾಕಲು ಹೋಗುವಾಗ ಅವಳನ್ನು ಒಂದು ದ್ವೀಪದ ಮೇಲೆ ಇಳಿಸಿ, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದ. ಹಗಲೆಲ್ಲ ಆ ಬಂಡೆಯ ಮೇಲೆ ಅವಳೊಬ್ಬಳೇ.

ನಾವು ಹೊಳೆ ದಂಡೆಯವರು. ಮುಳುಗಿದವರು ಎಲ್ಲಿ ಸಿಗುತ್ತಾರೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಡುಹೊಳೆಯ ಬಂಡೆಗೆ ನೀರು ಬಡಿದು, ಎರಡಾಗಿ ಒಡೆದು, ಬಂಡೆಯ ಬೆನ್ನಿಗೆ ಬಂದು ಸುಮ್ಮನಾಗುತ್ತದೆ. ಹೆಣ ಆ ಸುಮ್ಮನಿರುವ ನೀರಿಗೇ ಬರುತ್ತದೆ. ಸುಗ್ರಾಬಿಯೂ ಹಾಗೆಯೇ ಹುಡುಕಿದಳು. ಪ್ರತಿ ದ್ವೀಪದಲ್ಲೂ ನೀರು ಸುಮ್ಮನಿರುವ ಕಡೆ, ಅಂದರೆ ದಡದ ಕಡೆ ಮುಖ ಮಾಡಿದ ಬದಿ, ಒಂದೊಂದು ಸಂದಿಯನ್ನೂ ಬಗ್ಗಿ ನೋಡಿದಳು. ಹೀಗೆ ಎಲ್ಲ ದ್ವೀಪವೂ ಮುಗಿಯುತ್ತ ಬಂತು.

ಒಂದು ದಿನ ಜಟ್ಟಪ್ಪ ಬೇಗ ಬಂದು ನೋಡಿದ.

"ಎಂತ, ನೀವು ದಿನಾ ಇದೇ ಬದಿಗೆ ಹುಡುಕುದಾ?"

"ಹೂಂ. ಬಂಡೆ ಬೆನ್ನಿಗೇ ಅಲ್ವೇನ್ರಿ ಬರೋದು?"

"ಇದು ನಿಮ್ಮ ಹೊಳೆ ಅಲ್ಲ ಮಾರಾಯ್ತಿ! ಇಲ್ಲಿ ನೀರು ಹೋಗ್ತದೆ, ಬರ್ತದೆ. ತೇಲಿದ್ದನ್ನೆಲ್ಲ ಗಾಳಿ ಪಡುವಣ ಬದಿಯ ಸಂದಿಗೆ ತುರುಕ್ತದೆ. ನೀವು ಹುಡುಕಿದ್ದು ನಾವು ಕೂತು ಗಂಜಿ ಉಣ್ಣುವ ಜಾಗ."

ಮಳೆ ಹತ್ತಿರ ಬಂದಿತ್ತು. ಬಂದರಿನಲ್ಲಿ ಆಗಲೇ ದೋಣಿಗಳನ್ನು ಮೇಲೆ ಎಳೆದು ತೆಂಗಿನ ಗರಿಯ ತಟ್ಟಿ ಮುಚ್ಚುತ್ತಿದ್ದರು. ವಾಪಸು ಬರುವಾಗ ದೋಣಿಯಲ್ಲೇ ಅವಳು ಜಟ್ಟಪ್ಪನ ಕಾಲು ಹಿಡಿದಳು. "ಹೇ, ಹೇ, ಕಾಲು ಬಿಡಿ, ದೋಣಿ ಅಲ್ಲಾಡ್ತದೆ" ಎಂದು ಅವನು ಬೈದ. ಆದರೆ ಮಾರನೆಯ ದಿನದಿಂದ ತನ್ನ ಬಲೆ ಬಿಟ್ಟು ಅವಳನ್ನು ಮತ್ತೆ ಎಲ್ಲ ದ್ವೀಪಕ್ಕೂ ಕರೆದೊಯ್ದ.

ಪಡುವಣ ಬದಿಯಲ್ಲಿ ನಿಂತು ನಡೆಯುವ ಹಾಗಿಲ್ಲ. ಮಂಡಿ ಊರಿ, ಕೈ ಊರಿ ಹೋದಳು. ಸಂದಿಗಳಲ್ಲಿ ರಬ್ಬರ್ ಚಪ್ಪಲಿ, ಹರಿದ ಬಲೆ, ಬಾಟಲಿ, ಸತ್ತ ಆಮೆ. ಒಂದೊಂದು ಚಪ್ಪಲಿಯನ್ನೂ ಎತ್ತಿ ತಿರುಗಿಸಿ ನೋಡಿದಳು.

ಎಲ್ಲಕ್ಕಿಂತ ದೂರದ ದ್ವೀಪದಲ್ಲಿ ಹೆಣ ಸಿಕ್ಕಿತು.

ಮುಖ ಉಳಿದಿರಲಿಲ್ಲ. ಉದ್ದ ರೌಫನಷ್ಟೇ. ಅಂಗಿಯ ಬಣ್ಣ ಹೋಗಿತ್ತು. "ಸಿಕ್ರಲ್ಲಾ" ಎಂದು ಅವಳು ಅದರ ಪಕ್ಕ ಕೂತು ಅತ್ತಳು. ಅತ್ತ ಮೇಲೆ, ಮೈ ಮುಚ್ಚೋಣ ಎಂದು ಅಂಗಿ ಎಳೆದಾಗ ಸೊಂಟದಲ್ಲಿ ಉಡುದಾರ ಕಾಣಿಸಿತು. ನಮ್ಮ ಗಂಡಸರು ಕಟ್ಟುವ ಕರಿದಾರ. ರೌಫ್ ಹುಟ್ಟಿದಾಗಿನಿಂದ ಅದನ್ನು ಕಟ್ಟಿದವನಲ್ಲ.

ಜಟ್ಟಪ್ಪನೂ ನೋಡಿದ. ಬಲೆ ಕೊಯ್ಯುವ ಚಾಕು ತೆಗೆದ.

"ಒಂದು ದಾರ. ಕೊಯ್ದು ನೀರಿಗೆ ಹಾಕಿದ್ರೆ ಆಯ್ತು. ನಿಮ್ಮವ್ರು ಅಂತ ಹೇಳಿ ತಕಂಡು ಹೋಗಿ. ನಾನು ಎಲ್ಲೂ ಬಾಯಿ ಬಿಡುದಿಲ್ಲ."

ಅವಳು ಚಾಕು ಇಸಿದುಕೊಂಡಳು. ದಾರದ ಕೆಳಗೆ ತೂರಿಸಿದಳು. ನಮಾಜು ಆಗುತ್ತದೆ, ಗೋರಿ ಆಗುತ್ತದೆ, ತಾನು ಇಂಥವಳು ಎಂದು ಹೇಳಿಕೊಳ್ಳಲು ಒಂದು ಹೆಸರಾಗುತ್ತದೆ. "ಕೊಯ್ದೇ ಬಿಡ್ತಿದ್ದೆ ಅಮ್ಮಾರೇ" ಅಂದಳು ನನಗೆ. ಆದರೆ ದಾರ ಸವೆದ ಕಡೆ ಯಾರೋ ಸೂಜಿಯಿಂದ ಒತ್ತೊತ್ತಾಗಿ ಹೊಲಿದು ಭದ್ರ ಮಾಡಿದ್ದರು. ಹೆಂಗಸಿನ ಹೊಲಿಗೆ. ಹೊಲಿದವಳೂ ಎಲ್ಲೋ ಒಂದು ದಂಡೆಯಲ್ಲಿ ಕೂತಿರುತ್ತಾಳೆ. ಸುಗ್ರಾಬಿ ಚಾಕು ವಾಪಸು ಕೊಟ್ಟು "ಬ್ಯಾಡ್ರಿ" ಅಂದಳು.

ಹೆಣವನ್ನು ದಡಕ್ಕೆ ತಂದ ಮೇಲೆ "ನಿಮ್ಮೋರೇನಮ್ಮ?" ಎಂದು ಪೊಲೀಸರು ಕೇಳಿದರು. "ಅಲ್ರಿ" ಅಂದಳು. ಅಂಗಿಯ, ಉಡುದಾರದ ಫೋಟೋ ಊರೂರಿಗೆ ಹೋಯಿತು. ಇವಳು ಬಂದರಿನಲ್ಲೇ ಉಳಿದು ಕಾದಳು. ಯಾರೂ ಬರಲಿಲ್ಲ. ಅನಾಥ ಶವ ಎಂದು ಮಣ್ಣು ಮಾಡಿದರು. ಅವಳು ಬೇಲಿಯ ಹೊರಗೆ ನಿಂತು ಮುಗಿಯುವವರೆಗೂ ನೋಡಿದಳು. ಅಷ್ಟರಲ್ಲಿ ಮಳೆ ಹಿಡಿಯಿತು, ದೋಣಿಗಳಿಗೆ ಕಡಲು ಮುಚ್ಚಿತು.

ಊರಿಗೆ ಬಂದವಳು ನನ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಳು. ಕೊಟ್ಟ ಚಹಾ ಆರಿತು.

"ನಾನು ಹೌದು ಅಂದಿದ್ರೆ ಆ ಸತ್ತೋನಿಗೆ ನಾಲ್ಕು ಜನ ಹೆಗಲು ಕೊಡ್ತಿದ್ರು. ನಮ್ಮೋರಿಗೆ ನಮಾಜು ಆಗ್ತಿತ್ತು. ಅಲ್ಲ ಅಂದು ಯಾರಿಗೆ ಏನು ಮಾಡಿದೆ ಹೇಳ್ರಿ?"

"ಅವನ ಮನೆಯೋರು ಇನ್ನೂ ಬರಬಹುದು, ಸುಗ್ರಾ."

"ಬರ್ತಾರೆ. ಅವರಿಗೆ ಬರಾಕೆ ಒಂದು ಜಾಗ ಐತೆ. ನಾನು ಎಲ್ಲಿಗೆ ಹೋಗ್ಲಿ?"

ಮಳೆಗಾಲ ಕಳೆದ ಮೇಲೆ ಮತ್ತೆ ಹೋಗುತ್ತೇನೆ ಎಂದು ಜಟ್ಟಪ್ಪನಿಗೆ ಹೇಳಿ ಬಂದಿದ್ದಾಳಂತೆ. ಅವನು ತನ್ನ ದೋಣಿಗೆ ತಟ್ಟಿ ಮುಚ್ಚುತ್ತ ಕೇಳಿಸಿಕೊಂಡನಂತೆ.