ಅಕ್ಕನ ಗೋಡೆಯ ಗಾಜು

ಕೆಲಸದ ಜಾಗದಲ್ಲಿ ಅವನನ್ನು ಎಲ್ಲರೂ ಗುಂಡಿ ಮಾವ ಎಂದೇ ಕರೆಯುತ್ತಿದ್ದರು. ದೊಡ್ಡ ಕಟ್ಟಡಕ್ಕೆಂದು ಆಳವಾಗಿ ಅಗೆಯುವ ಮೊದಲು ಮಣ್ಣು ತಡೆಯಲು ಸುತ್ತ ಕಾಂಕ್ರೀಟ್ ಗೋಡೆ ಇಳಿಸುತ್ತಾರಲ್ಲ, ಅದರೊಳಗಿನ ಕೊಳವೆಗೆ ಅಳತೆಯ ಕಡ್ಡಿ ಇಳಿಬಿಟ್ಟು ಗೋಡೆ ಎಷ್ಟು ಬಾಗಿದೆ ಎಂದು ನೋಡುವುದು ಅವನ ಕೆಲಸ. ಎಷ್ಟು ಅಗೆದರೆ ಗೋಡೆ ಎಷ್ಟು ಬಾಗೀತು, ಹಿಂದಿನ ನೆಲ ಎಷ್ಟು ಕೂತೀತು ಎಂದು ಇಂಜಿನಿಯರಮ್ಮ ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಿದ್ದರು. ಅದಕ್ಕೂ ಅವನ ಅಳತೆಗೂ ಹೊಂದಿದರೆ ಅಗೆತ, ಇಲ್ಲದಿದ್ದರೆ ಜಗಳ. ಅವನು ಬಾಯಿ ಮಾಡದ ಗುಂಡಿಯೇ ಇರಲಿಲ್ಲ.

ಈ ಸಲದ ಗುಂಡಿ ಅವನ ಅಕ್ಕನ ಹಿತ್ತಲಿಗೇ ಅಂಟಿಕೊಂಡು ಬಂತು. ಭಾವ ತೀರಿಕೊಂಡ ಮೇಲೆ ಅಕ್ಕನ ಹೊಟ್ಟೆ ನಡೆಯುತ್ತಿದ್ದುದು ಮಹಡಿಯ ಬಾಡಿಗೆ ಕೋಣೆಗಳಿಂದ. ಅವಳ ಹಿಂಗೋಡೆಯಲ್ಲಿ ಹಳೆಯ ಬಿರುಕೊಂದಿತ್ತು. ಮಾವ ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಅಷ್ಟೇ ಉಪಾಯ.

"ಒಡೆದ್ರೆ ಏನ್ ಮಾಡ್ತಾರೋ?" ಅಕ್ಕ ಕೇಳಿದಳು.

"ಏನ್ ಮಾಡ್ತಾರೆ, ನಿನ್ನ ಸಾಮಾನು ತಂದು ಬೀದಿಗಿಡ್ತಾರೆ. ಮಹಡಿಯೋರ್ದೂ ಸೇರಿಸಿ."

ಅಷ್ಟು ಒರಟಾಗಿ ಹೇಳಬಾರದಿತ್ತು.

ಗುಂಡಿ ಅರ್ಧ ಇಳಿಯುವಷ್ಟರಲ್ಲಿ ಕೊಳವೆಯ ಅಳತೆ ಲೆಕ್ಕ ಮೀರಿತು. ಕಾಂಕ್ರೀಟ್ ಗೋಡೆ ಗುಂಡಿಯ ಒಳಕ್ಕೆ ಬಾಗಿದ್ದರೆ ಹಿತ್ತಲ ನೆಲ ಕೂರಲೇಬೇಕು. ಆದರೆ ಅಕ್ಕನ ಗೋಡೆಯ ಗಾಜು ಇಡಿಯಾಗಿತ್ತು.

"ಕಡ್ಡಿ ಕೆಟ್ಟಿರಬೇಕು ಮಾವ. ಮನೆ ಅಲುಗೇ ಇಲ್ವಲ್ಲ," ಎಂದರು ಇಂಜಿನಿಯರಮ್ಮ.

ಕಡ್ಡಿಯೇ ಕೆಟ್ಟಿರಲಿ ಎಂದು ಮಾವನ ಮನಸ್ಸೂ ಬೇಡುತ್ತಿತ್ತು. ಆದರೂ ತಡೆಯಲಾಗದೆ ಹೋಗಿ ಗಾಜನ್ನು ಮುಟ್ಟಿ ನೋಡಿದ. ಅಂಚಿನ ಅಂಟಿಗೆ ಉಗುರು ಇಳಿಯಿತು. ಅವನು ಅಂಟಿಸಿ ತಿಂಗಳ ಮೇಲಾಗಿತ್ತು; ಅಂಟು ಇನ್ನೂ ಹಸಿ.

"ಅಕ್ಕಾ, ಇದನ್ನ ಯಾರು ಬದಲಾಯಿಸಿದ್ದು?"

ಅಕ್ಕ ಪಾತ್ರೆ ತಿಕ್ಕುತ್ತಲೇ ಹೇಳಿದಳು. "ಒಡೆದಿತ್ತು. ಗಾಜಿನಂಗಡೀಲಿ ಕೊಯ್ಸಿಕೊಂಡು ಬಂದೆ. ಇದು ಮೂರನೇದು."

"ಮೂರನೇದಾ! ತಲೆ ನೆಟ್ಟಗಿದೆಯಾ ನಿಂಗೆ? ಬಲ್ಬು ಹೋದ್ರೆ ಹೊಸದು ಹಾಕಿದ ಹಾಗಾ ಇದು?"

"ಕಿರುಚಬೇಡ, ಮೇಲಿನೋರಿಗೆ ಕೇಳಿಸುತ್ತೆ. ಅವರು ಖಾಲಿ ಮಾಡಿದ್ರೆ ನಾನೇನು ನಿನ್ನ ಬಾಗಿಲಿಗೆ ಬಂದು ನಿಲ್ಲಲಾ? ನಿನ್ನ ಹೆಂಡ್ತಿ ಮುಖ ಊದಿಸ್ಕೊಳ್ಳೋದು ನೋಡ್ಕೊಂಡು ಉಣ್ಲಾ? ನೋಡದವನ ಹಾಗೆ ಹೋಗಿಬಿಡು ಕಣೋ."

ಮಾವನ ಸಿಟ್ಟು ಜರ್ರನೆ ಇಳಿಯಿತು. ಸಿಟ್ಟು ಇದ್ದಿದ್ದರೇ ಸುಲಭವಿತ್ತು. ಹೊರಗೆ ಬಂದು, ನೇರ ಇಂಜಿನಿಯರಮ್ಮನ ಬಳಿ ಹೋದ.

"ಕಡ್ಡಿ ಸರಿಯಾಗೇ ಇದೆ ಅಮ್ಮ. ಗಾಜು ಸುಳ್ಳು."

ಅಗೆತ ನಿಂತಿತು. ಗುಂಡಿಯೊಳಗೆ ಕಾಂಕ್ರೀಟ್ ಗೋಡೆಯ ಬುಡಕ್ಕೆ ಮಣ್ಣು ವಾಪಸು ಸುರಿದರು, ಉಕ್ಕಿನ ತೊಲೆಗಳನ್ನು ಅಡ್ಡ ಕೊಟ್ಟರು. ಸಂಜೆಯೊಳಗೆ ಮನೆ ಖಾಲಿಯಾಯಿತು. ಅಕ್ಕನ ಮಂಚದ ಒಂದು ತುದಿಯನ್ನು ಅವನೇ ಹಿಡಿದ. ಇನ್ನೊಂದು ತುದಿಯನ್ನು ಅಕ್ಕ ಹಿಡಿದಳು.

ಕಾಂಕ್ರೀಟ್ ಗೋಡೆ ನಿಂತಿತು, ಮನೆಯೂ ನಿಂತಿತು. ಕಟ್ಟಡ ನೆಲದಿಂದ ಮೇಲೆದ್ದ ಮೇಲೆ ಅಕ್ಕ ಮರಳಿ ಬಂದಳು. ಬಾಡಿಗೆಯವರು ಬರಲಿಲ್ಲ. ಬಿರುಕಿನ ಮನೆಗೆ ಹೊಸಬರೂ ಕಾಲಿಡಲಿಲ್ಲ.

"ಎಲ್ಲಿ ಬಿತ್ತೋ ನನ್ನ ಮನೆ?" ಅಕ್ಕಪಕ್ಕದವರ ಎದುರಿಗೇ ಅಕ್ಕ ಕೇಳಿದಳು. "ತೋರ್ಸು, ಎಲ್ಲಿ ಬಿತ್ತು?"

ತೊಲೆ ಕೊಡದಿದ್ದರೆ ಏನಾಗುತ್ತಿತ್ತು ಎಂದು ತೋರಿಸಲು ಮಾವನ ಕೈಯಲ್ಲಿ ಏನಿತ್ತು? ಊರವರ ಮೇಲೆಲ್ಲ ಹಾರಾಡುವವನು ಅಲ್ಲಿ ದನಿ ತಗ್ಗಿಸಿದ.

"ಬೀಳ್ಲಿಲ್ಲ ಅಕ್ಕ," ಎಂದ. "ಮಹಡಿ ಬೀಗದಕೈ ಕೊಡು. ಸುಣ್ಣನಾದ್ರೂ ಹೊಡೆದುಕೊಡ್ತೀನಿ."

ಅಕ್ಕ ಬೀಗದಕೈ ಕೊಡದೆ ಒಳಗೆ ಹೋದಳು.