ನಾರ್ಬಿ ಹೊಗಳಿದರೆ ಮುಗಿಯಿತು

ನನ್ನ ಅಣ್ಣ ನಾರ್ಬರ್ಟ್ ಅಮೆರಿಕನ್ ಫುಟ್‌ಬಾಲ್ ವಿಷಯದಲ್ಲಿ ಹುಟ್ಟಿದಾಗಿನಿಂದ ಒಂದೇ ಒಂದು ಸರಿಯಾದ ಮಾತು ಆಡಿದವನಲ್ಲ. ತಂಗಿಯ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. ನಮ್ಮೂರು ಚೀಕ್ಟವಾಗದಲ್ಲಿ ಯಾರನ್ನು ಬೇಕಾದರೂ ಕೇಳಿ, ಚರ್ಚಿನ ಫಾದರನ್ನೂ ಸೇರಿಸಿ. ಎಲ್ಲರೂ ಅವನನ್ನು ನಾರ್ಬಿ ಅನ್ನುತ್ತಾರೆ. ಎಲ್ಲರಿಗೂ ಅವನ ಮೇಲೆ ಪ್ರೀತಿ. ಆದರೆ ಅವನು ಬಾಯಿ ತೆರೆದರೆ ಎಲ್ಲರಿಗೂ ಭಯ.

ಅವನು ಪಟ್ಟಣದ ಹಿಮ ತಳ್ಳುವ ಲಾರಿ ಓಡಿಸುತ್ತಾನೆ. ಈರಿ ಸರೋವರದ ಕಡೆಯಿಂದ ರಾತ್ರಿಯೆಲ್ಲ ಹಿಮ ಸುರಿದು, ಬೆಳಿಗ್ಗೆ ಜನ ಕಾರು ತೆಗೆಯಲಾಗದೆ ಒದ್ದಾಡುವ ಹೊತ್ತಿಗೆ ಸರಿಯಾಗಿ ಈ ಮಹಾಶಯ ಯಾವುದೋ ಬೀದಿಯ ತುದಿಯಲ್ಲಿ ಲಾರಿ ನಿಲ್ಲಿಸಿ ರೇಡಿಯೊದ ಕ್ರೀಡಾ ಕಾರ್ಯಕ್ರಮಕ್ಕೆ ಫೋನ್ ಹಚ್ಚಿರುತ್ತಾನೆ. ‘ಚೀಕ್ಟವಾಗದ ನಾರ್ಬಿ’ ಎಂದರೆ ಸುತ್ತಮುತ್ತ ಕೇಳದವರಿಲ್ಲ. ಆ ಬೀದಿಯವರು ಹೊರಗೆ ಕಾಲಿಡಲಾಗದೆ ಮನೆಯೊಳಗೇ ಕೂತು ರೇಡಿಯೊದಲ್ಲಿ ಅವನ ಭಾಷಣವನ್ನೇ ಕೇಳುತ್ತಿರುತ್ತಾರೆ. ಕೆಲಸಕ್ಕೆ ತಡವಾಯಿತೆಂದು ಶಾಪ ಹಾಕುವುದೂ ಅವನಿಗೇ, ಭಾಷಣ ಕೇಳಿ ನಗುವುದೂ ಅವನಿಗೇ.

ನಾನು ಆರ್ಲೀನ್. ನನ್ನದೊಂದು ಚಿಕ್ಕ ಬಾರ್. ಶುಕ್ರವಾರ ನಾನು ಕರಿಯುವ ಮೀನಿಗೆ ಜನ ಬಾಗಿಲಾಚೆವರೆಗೂ ಸಾಲು ನಿಲ್ಲುತ್ತಾರೆ. ಜನವರಿಯಲ್ಲಂತೂ ಕೇಳಲೇಬೇಡಿ. ಪಂದ್ಯಗಳ ಕಾಲ ಮುಗಿದು, ಸೋತ ತಂಡಗಳು ಕೋಚ್‌ಗಳನ್ನು ಮನೆಗೆ ಕಳಿಸಿ, ಹೊಸಬರನ್ನು ಕರೆತರುವ ತಿಂಗಳದು. ಹೆಡ್ ಕೋಚ್ ಯಾರು, ಅವನ ಕೈಕೆಳಗೆ ದಾಳಿ ನೋಡಿಕೊಳ್ಳುವ ಕೋಚ್ ಯಾರು, ರಕ್ಷಣೆ ನೋಡಿಕೊಳ್ಳುವವನು ಯಾರು ಎಂದು ನನ್ನ ಗಿರಾಕಿಗಳು ಕಚ್ಚಾಡುವುದನ್ನು ನೋಡಿದರೆ, ನೇಮಕಾತಿಯೆಲ್ಲ ನನ್ನ ಬಾರಿನಲ್ಲೇ ಆಗುತ್ತದೆ ಅನ್ನಬೇಕು.

“ಹೆಡ್ ಕೋಚ್ ಅಂದ್ಮೇಲೆ ದಾಳಿ ಗೊತ್ತಿರೋನೇ ಆಗ್ಬೇಕು,” ಅನ್ನುತ್ತಾನೆ ಸಾಲ್. ಅವನು ಪ್ಲಂಬರ್. “ರಕ್ಷಣೆಯೋನ್ನ ತಂದ್ರೆ ಮೂರು ಪಾಯಿಂಟಲ್ಲಿ ಗೆಲ್ಲೋದು, ನೋಡೋರಿಗೆ ಎದೆನೋವು ಬರೋದು.”

“ನಿನಗೆ ಎದೆನೋವು ಬರೋದು ಆರ್ಲೀನ್ ಕೊಡೋ ಕೋಳಿ ರೆಕ್ಕೆಯಿಂದ,” ಅನ್ನುತ್ತಾಳೆ ಗ್ಲೆಂಡಾ. ನಮ್ಮ ಬೀದಿಗೆ ಅಂಚೆ ಹಂಚುವವಳು ಅವಳೇ. “ಹೋದ್ಸಲ ದಾಳಿಯೋನು ಬಂದಿದ್ನಲ್ಲ, ಏನ್ ಕಿಸಿದ? ಆಟದ ತಂತ್ರ ಬರೆದಿರೋ ದೊಡ್ಡ ಹಾಳೆ ಬಾಯಿಗೆ ಅಡ್ಡ ಇಟ್ಕೊಂಡು, ಹೋಟೆಲಲ್ಲಿ ಏನು ತಿನ್ನೋದು ಅಂತ ಯೋಚಿಸೋನ ಥರ ನಿಂತಿದ್ದ.”

ನಾರ್ಬಿಯ ಕಾಯಿಲೆಯನ್ನು ಕಂಡುಹಿಡಿದದ್ದೂ ಇವಳೇ. ಹಿಂದೊಮ್ಮೆ ಹೊಸ ಹೆಡ್ ಕೋಚ್ ಬಂದಾಗ ನಾರ್ಬಿ ರೇಡಿಯೊದಲ್ಲಿ, “ಈತ ಬಂದದ್ದು ನಮ್ಮ ಪುಣ್ಯ” ಎಂದಿದ್ದ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಮುಂಚೆಯೇ ಆ ಪುಣ್ಯಾತ್ಮನ ಕೆಲಸ ಹೋಯಿತು. ಆಮೇಲೆ ಬಂದವನನ್ನು, “ಇವನ ಕೈಗೆ ಆಲೂಗಡ್ಡೆ ಗಾಡೀನೂ ಕೊಡಬಾರ್ದು” ಎಂದು ಉಗಿದ. ಆ ವರ್ಷ ನಮ್ಮ ತಂಡ ಹಿಡಿದವರ ಕೈಗೆ ಸಿಗಲಿಲ್ಲ. ಇಷ್ಟಾದರೂ ಕಾಕತಾಳೀಯ ಅನ್ನಬಹುದಿತ್ತು. ಆದರೆ ಅವನು ಹೊಗಳಿದ ದಾಳಿಯ ಕೋಚ್ ಒಬ್ಬ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ದಿನ ಗ್ಲೆಂಡಾ ಗ್ಲಾಸು ಕೆಳಗಿಟ್ಟಳು.

“ನಾರ್ಬಿ, ನೀನು ಹೊಗಳಿದೋರೆಲ್ಲ ಹಾಳಾಗಿದಾರೆ. ಬೈದೋರೆಲ್ಲ ಮೆರೆದಿದಾರೆ. ಯಾವತ್ತಾದ್ರೂ ಯೋಚ್ನೆ ಮಾಡಿದೀಯಾ?”

ಬಾಯಿಗಿಟ್ಟಿದ್ದ ಕಡುಬನ್ನು ನಾರ್ಬಿ ಮತ್ತೆ ತಟ್ಟೆಗಿಟ್ಟ. “ಇಷ್ಟು ವರ್ಷ ಆಟ ನೋಡಿ ನೋಡಿ ಕಣ್ಣು ಹಾಳ್ಮಾಡ್ಕೊಂಡಿದ್ದು ಇದಕ್ಕಾ?” ಎಂದ. ಪಾಪ, ಅವನಿಗೆ ನಿಜವಾಗಿ ನೋವಾಗಿತ್ತು. ಒಂದೇ ಒಂದು ಸಲ ತನ್ನ ಮಾತು ನಿಜವಾಗಬೇಕು, ‘ನಾರ್ಬಿ ಅವತ್ತೇ ಹೇಳಿದ್ದ’ ಎಂದು ಊರು ಒಪ್ಪಬೇಕು ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆಯಿರಲಿಲ್ಲ. ಅವತ್ತಿನಿಂದ ಅವನ ಕೆಲಸ ಬದಲಾಯಿತು. ಬಾರಿನವರು ಯಾರನ್ನು ಬೈಯಬೇಕೆಂದು ಹೇಳುತ್ತಾರೆ, ಅವನು ಮಾರನೆಯ ದಿನ ಫೋನ್ ಮಾಡಿ ಬೈಯುತ್ತಾನೆ. ಊರಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಒಪ್ಪಿಕೊಂಡ.

ಹೀಗೆ ನಡೆಯುತ್ತಿದ್ದಾಗ ನಮ್ಮ ತಂಡದ ರಕ್ಷಣೆಯ ಕೋಚ್ ಕೆಲಸ ನನ್ನ ಮಗ ಕೋರಿಗೆ ಸಿಕ್ಕಿತು.

ಕೋರಿಯ ಅಪ್ಪ ಫ್ಲಾರಿಡಾದ ಬಿಸಿಲು ಕಾಯಿಸಿ ಬರುತ್ತೇನೆಂದು ಹೋದವನು ಅಲ್ಲೇ ಕರಗಿಹೋದ. ಮಗನನ್ನು ಬೆಳೆಸಿದ್ದು ನಾನು ಮತ್ತು ನಾರ್ಬಿ. ಇದೇ ಕೌಂಟರಿನ ಮೇಲೆ ಕರಿಮೆಣಸಿನ ಡಬ್ಬಿಗಳನ್ನು ನಮ್ಮವರೆಂದೂ ಉಪ್ಪಿನ ಡಬ್ಬಿಗಳನ್ನು ಎದುರಾಳಿಗಳೆಂದೂ ಇಟ್ಟು ಸೋದರಮಾವ ಪಾಠ ಮಾಡುತ್ತಿದ್ದ. ಗಿರಾಕಿಗಳು ಸಪ್ಪೆ ಆಲೂಗಡ್ಡೆ ತಿಂದುಕೊಂಡು ಕಾಯಬೇಕಿತ್ತು. ಕೋರಿ ಇವತ್ತಿಗೂ ಊಟಕ್ಕೆ ಕೂತರೆ ಉಪ್ಪು ಕೊಡು ಅನ್ನುವುದಿಲ್ಲ, ‘ಎಡಗಡೆ ನಿಂತಿರೋನ್ನ ಈ ಕಡೆ ತಳ್ಳು’ ಅನ್ನುತ್ತಾನೆ.

ಟೀವಿಯಲ್ಲಿ ಸುದ್ದಿ ಬಂದಾಗ ಬಾರಿಗೆ ಬಾರೇ ಕುಣಿಯಿತು. ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಗಿ ನಾರ್ಬಿಯ ಕಡೆ ತಿರುಗಿದರು. ಅವನ ಬಾಯಿ ಆಗಲೇ ಅರ್ಧ ತೆರೆದಿತ್ತು.

“ಮುಚ್ಚು ನಾರ್ಬಿ,” ಎಂದ ಸಾಲ್. “ನಿನ್ನ ದಮ್ಮಯ್ಯ.”

“ಇವನ ವಿಷಯದಲ್ಲಿ ನಾನು ತಪ್ಪೋಕೆ ಸಾಧ್ಯಾನೇ ಇಲ್ಲ ಕಣೋ. ನಾನೇ ಕಲಿಸಿದ ಹುಡುಗ. ಒಂದೇ ಒಂದ್ಸಲ ಹೇಳ್ಬಿಡ್ತೀನಿ.”

“ಪ್ರತಿ ಸಲಾನೂ ಹಿಂಗೇ ಅಂದಿದೀಯ,” ಎಂದಳು ಗ್ಲೆಂಡಾ. “ಹುಡುಗ ಕೆಲಸದಲ್ಲಿ ಉಳೀಬೇಕೋ ಬೇಡ್ವೋ?”

ಮಾರನೆಯ ಬೆಳಿಗ್ಗೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ರೇಡಿಯೊದಲ್ಲಿ ನನ್ನ ಒಡಹುಟ್ಟಿದವನ ದನಿ ಬಂತು. “ಕೋರಿನಾ? ಅವನಿಗೆ ಹಾಸಿಗೆ ಮೇಲೆ ಹೊದಿಕೆ ಸರಿಯಾಗಿ ಹೊದಿಸೋಕೆ ಬರಲ್ಲ, ಮೈದಾನ ಕಾಯ್ತಾನಾ? ನಾನು ಅವನ ಸೋದರಮಾವ ಸ್ವಾಮಿ, ನನಗೆ ಗೊತ್ತಿಲ್ವಾ?” ಯಾಕೆ ಬೈಯುತ್ತಿದ್ದಾನೆಂದು ಗೊತ್ತಿದ್ದರೂ ನನ್ನ ಹೊಟ್ಟೆ ಉರಿದುಹೋಯಿತು. ಹೆತ್ತವಳಿಗೆ ಗ್ರಹಚಾರದ ಲೆಕ್ಕಾಚಾರ ಯಾಕೆ ಬೇಕು? ಆ ಶುಕ್ರವಾರ ಅವನಿಗೆ ಸೀದುಹೋದ ಮೀನನ್ನೇ ಕೊಟ್ಟೆ. ಅವನು ಅದನ್ನೇ ಪೂರ್ತಿ ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ.

ಕೋರಿಗೆ ಈ ವಿಷಯ ನಾವ್ಯಾರೂ ಹೇಳಲಿಲ್ಲ. ಹೊಸ ಕೆಲಸ, ಅವನ ತಲೆನೋವು ಅವನಿಗೆ ಸಾಕಾಗಿತ್ತು.

ಶರತ್ಕಾಲ ಬಂತು, ಪಂದ್ಯಗಳು ಶುರುವಾದವು, ನಮ್ಮ ತಂಡ ಸೋಲತೊಡಗಿತು. ಅದೆಂಥ ಸೋಲು ಅಂದರೆ, ಎದುರಾಳಿಗಳು ನಮ್ಮ ಹುಡುಗರ ನಡುವೆ ಸಂತೆಗೆ ಹೋಗುವವರ ಹಾಗೆ ನಡೆದುಹೋಗುತ್ತಿದ್ದರು. ಕೋರಿಯನ್ನು ಓಡಿಸಿ ಎಂದು ಪತ್ರಿಕೆಗಳು ಬರೆದವು. ನಾರ್ಬಿಯೋ, ಮಂಗಳವಾರದಿಂದ ಶುಕ್ರವಾರದವರೆಗೆ ಬಿಡದೆ ಬೈಯುತ್ತಲೇ ಇದ್ದ. ಹಾಗಾದರೆ ತಪ್ಪಿದ್ದೆಲ್ಲಿ? ಒಂದು ಶುಕ್ರವಾರ ಸಾಲ್ ಮತ್ತು ಗ್ಲೆಂಡಾ ಅವನನ್ನು ಮೂಲೆಯ ಮೇಜಿಗೆ ಕೂರಿಸಿ ವಿಚಾರಣೆಗೆ ತೊಡಗಿದರು. ಕೈಯಲ್ಲಿ ಮೀನು ತಿರುವುವ ಇಕ್ಕುಳ ಹಿಡಿದು ನಾನೂ ನಿಂತೆ.

“ಎಲ್ಲೋ ಹೊಗಳಿದೀಯ,” ಎಂದ ಸಾಲ್. “ಯಾರ ಹತ್ರ ಹೇಳ್ದೆ?”

“ಯಾರ ಹತ್ರಾನೂ ಇಲ್ಲ.”

“ನಾಯಿ ಹತ್ರ?” ಎಂದಳು ಗ್ಲೆಂಡಾ.

“ನಾಯಿ ಹತ್ರಾನೂ ಇಲ್ಲ ಕಣೇ.” ನಾರ್ಬಿ ಬೆವರು ಒರೆಸಿಕೊಂಡ. “ಶನಿವಾರ ಚರ್ಚಲ್ಲಿ ಪಾಪನಿವೇದನೆಗೆ ಹೋಗ್ತೀನಲ್ಲ, ಅಲ್ಲಿ ಸ್ವಲ್ಪ… ವಾರವೆಲ್ಲ ಆ ಹುಡುಗನ ಮೇಲೆ ಸುಳ್ಳು ಹೇಳಿರ್ತೀನಿ. ಅದು ಪಾಪ ಅಲ್ವಾ? ಅದನ್ನ ಹೇಳ್ಬೇಕಲ್ವಾ?”

“ಏನಂತ ಹೇಳ್ದೆ?”

“ಇಡೀ ದೇಶದಲ್ಲಿ ಅವನಂಥ ಕೋಚ್ ಇನ್ನೊಬ್ಬ ಇಲ್ಲ ಫಾದರ್, ಗೊತ್ತಿದ್ದೂ ಗೊತ್ತಿದ್ದೂ ಬೈದೆ, ಅಂದೆ.”

ಸಾಲ್ ಹಣೆಯನ್ನು ಮೇಜಿಗೆ ಊರಿದ. ಶನಿವಾರ ಸಂಜೆ ಹೊಗಳಿಕೆ, ಭಾನುವಾರ ಮಧ್ಯಾಹ್ನ ಪಂದ್ಯ. ನಡುವೆ ಒಂದು ಬೈಗುಳಕ್ಕೂ ಜಾಗವಿರಲಿಲ್ಲ.

ದೇವರ ಮುಂದೆ ಗುಟ್ಟಾಗಿ ಹೇಳಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಬಾರಿನಲ್ಲಿ ದೊಡ್ಡ ಜಗಳವಾಯಿತು. ಬರುವುದಿಲ್ಲ ಎಂದಳು ಗ್ಲೆಂಡಾ. ದೇವರ ಹತ್ತಿರ ನೇರವಾಗಿ ಹೇಳಿದರೆ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ ಎಂದ ಸಾಲ್. ಪರಿಹಾರವನ್ನೂ ಅವನೇ ಹೇಳಿದ: “ಸೋಮವಾರ ಹೋಗ್ಲಿ. ಮಂಗಳವಾರದಿಂದ ಬೈತಾ ಬಂದ್ರೆ ಭಾನುವಾರದೊಳಗೆ ಪೈಪೆಲ್ಲ ಕ್ಲೀನಾಗಿರುತ್ತೆ.”

ದಿನ ಬದಲಿಸಿ ಎಂದು ಕೇಳಲು ಫಾದರ್ ಕ್ಲೆಮೆನ್ಸ್ ಹತ್ತಿರ ನಾನೇ ಹೋದೆ. ಅವರು ಮುಖ ಬಿಗಿದುಕೊಂಡು, “ಪಾಪನಿವೇದನೆ ವಿಷಯ ನಾನು ಯಾರ ಹತ್ರಾನೂ ಮಾತಾಡೋ ಹಾಗಿಲ್ಲ ಆರ್ಲೀನ್,” ಎಂದರು. ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಮಾತ್ರ, “ಸೋಮವಾರ ಬೆಳಿಗ್ಗೆ ನಾನು ಸುಮ್ನೇ ಕೂತಿರ್ತೀನಿ, ಯಾರು ಬೇಕಾದ್ರೂ ಬರಬಹುದು,” ಎಂದು ಸೇರಿಸಿದರು. ನಿಲುವಂಗಿಯ ಕೆಳಗೆ ಅವರು ನಮ್ಮ ತಂಡದ ಬಣ್ಣದ ಕಾಲುಚೀಲ ಹಾಕಿಕೊಂಡಿದ್ದರು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮುಂದಿನ ಭಾನುವಾರ ಗೆದ್ದೆವು. ಅದರಾಚೆಯ ಭಾನುವಾರವೂ ಗೆದ್ದೆವು. ಕೋರಿಯ ಹುಡುಗರು ಗೋಡೆ ಕಟ್ಟಿದ ಹಾಗೆ ನಿಂತುಬಿಟ್ಟರು. ಕ್ರಿಸ್ಮಸ್ ಹೊತ್ತಿಗೆ ಅವನನ್ನು ಓಡಿಸಿ ಎಂದು ಬರೆದಿದ್ದವರೇ ಅವನ ಬಾಲ್ಯದ ಫೋಟೊ ಕೇಳಿಕೊಂಡು ನನ್ನ ಬಾರಿಗೆ ಬಂದರು. ನಾನು ಕಾಫಿ ಕೊಟ್ಟು, ಫೋಟೊ ಕೊಡದೆ ಕಳಿಸಿದೆ.

ಜನವರಿ ಬಂತು. ದೂರದ ಪಶ್ಚಿಮದ ಒಂದು ತಂಡ ಕೋರಿಯನ್ನು ಸಂದರ್ಶನಕ್ಕೆ ಕರೆಯಿತು. ಹೆಡ್ ಕೋಚ್ ಕೆಲಸಕ್ಕೆ!

ಬಾರಿನಲ್ಲಿ ಸಾವಿನ ಮನೆಯ ಕಳೆ. ಬೆಳೆಸಿದ ಹುಡುಗನನ್ನು ಯಾರೋ ಹೊತ್ತುಕೊಂಡು ಹೋಗುತ್ತಾರಲ್ಲ ಎಂದು ಎಲ್ಲರಿಗೂ ಸಂಕಟ. ಆಗ ಗ್ಲೆಂಡಾಳ ಮುಖ ಅರಳಿತು.

“ನಾರ್ಬಿ, ನಾಳೆ ಅವನನ್ನ ಹೊಗಳು.”

ಎಲ್ಲರಿಗೂ ಅರ್ಥವಾಯಿತು. ನಾರ್ಬಿ ಹೊಗಳಿದರೆ ಆ ಕೆಲಸ ಕೈತಪ್ಪುತ್ತದೆ, ಕೋರಿ ಇಲ್ಲೇ ಉಳಿಯುತ್ತಾನೆ. “ಬಾಯಿ ತುಂಬ ಹೊಗಳು,” ಎಂದ ಸಾಲ್. “ಹೊಟ್ಟೇಲಿ ಇಟ್ಕೊಂಡಿದ್ದೆಲ್ಲ ಹೇಳ್ಬಿಡು. ಯಾರೂ ಬೇಡ ಅನ್ನಲ್ಲ.”

ನಾನು ಯಾಕೆ ಸುಳ್ಳು ಹೇಳಲಿ, ನನಗೂ ಅದೇ ಬೇಕಿತ್ತು. ಮಗ ಕರೆದರೆ ಬರುವಷ್ಟು ದೂರದಲ್ಲಿದ್ದಾನೆ, ಶುಕ್ರವಾರ ಹಿಂಬಾಗಿಲಿನಿಂದ ಬಂದು ಮೀನು ಕದ್ದು ತಿನ್ನುತ್ತಾನೆ. ಅದನ್ನು ಕಳೆದುಕೊಳ್ಳಲು ನಾನೇನು ಕಲ್ಲೇ? “ಹೊಗಳ್ಬಿಡು ನಾರ್ಬಿ. ನಾನೇ ಹೇಳ್ತಿದೀನಿ,” ಎಂದೆ.

ಅವನು ಕರಿಮೆಣಸಿನ ಡಬ್ಬಿಯೊಂದನ್ನು ಕೌಂಟರಿನ ಮೇಲೆ ತಿರುಗಿಸುತ್ತ ಕೂತಿದ್ದ. “ಅವನಿಗೆ ಆ ಕೆಲಸ ಬೇಕಂತಾ?” ಎಂದು ಕೇಳಿದ.

“ಬೇಕು,” ಎಂದೆ. “ಚಿಕ್ಕೋನಾಗಿದ್ದಾಗಿಂದ ಬೇಕು. ನಿನಗೆ ಗೊತ್ತಿಲ್ವಾ?”

ಬೆಳಿಗ್ಗೆ ಬೇಗನೆ ಬಾರು ತೆರೆದು ಎಲ್ಲರಿಗೂ ಕಾಫಿ ಕೊಟ್ಟೆ. ರೇಡಿಯೊ ಜೋರಾಗಿಟ್ಟೆವು. “ಚೀಕ್ಟವಾಗದ ನಾರ್ಬಿ ಲೈನಲ್ಲಿದಾರೆ,” ಎಂದ ಕಾರ್ಯಕ್ರಮದವನು. “ಹೇಳಿ ನಾರ್ಬಿ, ಕೋರಿ ಹೆಡ್ ಕೋಚ್ ಆಗೋಕೆ ಲಾಯಕ್ಕಾ?”

ಲಾರಿಯ ವೈಪರ್ ಕಿರುಗುಟ್ಟುವುದು ಕೇಳಿಸಿತು.

“ಕೋರಿ,” ಎಂದ ನಾರ್ಬಿ. “ನಮ್ಮ ಕೋರಿ ಇದಾನಲ್ಲ ಸ್ವಾಮಿ…”

ಸಾಲ್ ನನ್ನ ಕೈ ಹಿಡಿದುಕೊಂಡ.

“ಅವನೊಬ್ಬ ಕತ್ತೆ. ಕೌಂಟರ್ ಮೇಲೆ ಮೆಣಸಿನ ಡಬ್ಬಿ ನೆಟ್ಟಗೆ ನಿಲ್ಲಿಸೋಕೆ ಬರ್ತಿರಲಿಲ್ಲ ಅವನಿಗೆ. ಅವನನ್ನ ಕರ್ಕೊಂಡು ಹೋಗೋ ಊರನ್ನ ದೇವರೇ ಕಾಪಾಡ್ಬೇಕು. ಎಲ್ಲಿ ಹೋದ್ರೂ ಉದ್ಧಾರ ಆಗಲ್ಲ ಅವನು, ಬರೆದಿಟ್ಕೊಳ್ಳಿ. ನಾನೇ ಬೆಳೆಸಿದ್ದು, ನನಗೆ ಗೊತ್ತು…” ದನಿ ಒಡೆದುಹೋಗಿತ್ತು, ಆದರೂ ಬೈಗುಳ ನಿಲ್ಲಲಿಲ್ಲ. ಕೊನೆಗೆ ಕಾರ್ಯಕ್ರಮದವನೇ ಗಾಬರಿಯಾಗಿ ಜಾಹೀರಾತು ಹಾಕಿದ.

“ಮನೆಹಾಳ,” ಎಂದು ಸಾಲ್ ಎದ್ದುಹೋದ. ಗ್ಲೆಂಡಾ ಮೂಗು ಒರೆಸಿಕೊಂಡಳು. ನಾನು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೆ. ಅಣ್ಣನ ಮೇಲೆ ಕೆಂಡದಂಥ ಕೋಪವೂ ಇತ್ತು, ಓಡಿಹೋಗಿ ತಬ್ಬಿಕೊಳ್ಳಬೇಕೆಂದೂ ಅನ್ನಿಸುತ್ತಿತ್ತು.

ಸಂಜೆ ಕೋರಿಯ ಫೋನ್ ಬಂತು.

“ಸಂದರ್ಶನ ಮುಗೀತಮ್ಮ. ಅವರಿನ್ನೂ ಏನೂ ಹೇಳಿಲ್ಲ,” ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ: “ಇವತ್ತು ಪ್ರಯಾಣದಲ್ಲಿದ್ದೆ, ರೇಡಿಯೊ ಕೇಳೋಕಾಗಲಿಲ್ಲ. ಮಾಮ ಏನಂದ?”

ಇವತ್ತು ಕೇಳೋಕಾಗಲಿಲ್ಲವಂತೆ! ಅಂದರೆ ವರ್ಷವಿಡೀ ಕೇಳಿದ್ದಾನೆ.

“ಬೈದ,” ಎಂದೆ.

“ಹೆಂಗೆ? ಮಾಮೂಲಿ ಥರಾನಾ?”

“ಕತ್ತೆ ಅಂದ. ಮೆಣಸಿನ ಡಬ್ಬಿ ನಿಲ್ಲಿಸೋಕೂ ಬರಲ್ಲ, ಎಲ್ಲಿ ಹೋದ್ರೂ ಉದ್ಧಾರ ಆಗಲ್ಲ ಅಂದ. ಅಳ್ತಾ ಅಳ್ತಾ ಬೈದ ಕಣೋ.”



“ಅಷ್ಟೆಲ್ಲ ಅಂದ್ನಾ,” ಎಂದ. “ಹಂಗಾದ್ರೆ ಕೆಲಸ ಸಿಕ್ತಮ್ಮ. ನಾನು ಮನೆ ಖಾಲಿ ಮಾಡೋಕೆ ಶುರು ಮಾಡ್ತೀನಿ.”